ನೀರು ತೊಳೆದ ಪುಟ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನೀವೂ ನಗಬಹುದು. ನಡೆದದ್ದನ್ನಷ್ಟೇ ಹೇಳುತ್ತೇನೆ.

ಆರು ವರ್ಷಗಳ ಹಿಂದೆ ಟೆಕ್ಸಸ್‌ನ ರಿಚರ್ಡ್‌ಸನ್‌ನಲ್ಲಿ ಓದುತ್ತಿದ್ದಾಗ, ಹಳೆಯ ದಿನಚರಿಯೊಂದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಿಕ್ಕಿತ್ತು. ಬರೆದವಳು, ಸೈನ್ಯದಂತೆ ದರ್ಜೆ, ಸಮವಸ್ತ್ರ ಇಟ್ಟುಕೊಂಡು ಬಡವರ ಸೇವೆಗೆ ನಿಂತ ಒಂದು ಕ್ರೈಸ್ತ ಪಂಗಡದ ಮೊದಲ ತಲೆಮಾರಿನ ಅಧಿಕಾರಿ. ಹತ್ತೊಂಬತ್ತನೇ ವಯಸ್ಸಿಗೆ ಸೇರಿ, ಬೀದಿಯಲ್ಲಿ ಕಂಜಿರ ಬಾರಿಸಿ ಹಾಡಿ, ಕಲ್ಲೇಟು ತಿಂದು ಕ್ಯಾಪ್ಟನ್ ಆದವಳು. ಆ ಪಂಗಡ ಹೆಂಗಸರನ್ನು ಜೋಡಿಯಾಗಿಯೇ ಕಳಿಸುತ್ತಿತ್ತು. ಹಾಗೆ ಜೊತೆಗಾತಿಯೊಬ್ಬಳೊಂದಿಗೆ ಅಮೆರಿಕಕ್ಕೆ ಹೊರಟಾಗ ಹಡಗು ಮುಳುಗಿತು. ಇವಳು ಬದುಕಿದಳು, ಜೊತೆಗಾತಿ ಉಳಿಯಲಿಲ್ಲ. ಆಮೇಲೆ ನಲವತ್ತು ವರ್ಷ ಟೆಕ್ಸಸ್‌ನ ಊರುಗಳಲ್ಲಿ, ಇನ್ನೊಬ್ಬಳು ಬೇಡವೆಂದು ಹಟ ಹಿಡಿದು ಒಬ್ಬಳೇ ದುಡಿದಳು.

ದಿನಚರಿ ಕೊಟ್ಟವರು ಅವಳ ತಂಗಿಯ ಮೊಮ್ಮಗಳು, ಹ್ಯೂಸ್ಟನ್‌ನ ತೊಂಬತ್ತು ದಾಟಿದ ಅಜ್ಜಿ. ಮುಳುಗುತ್ತಿದ್ದ ಜೊತೆಗಾತಿಯ ಕೈಯನ್ನು ಇವಳೇ ಬಿಟ್ಟಳೆಂದು ಮನೆಯಲ್ಲಿ ಪಿಸುಮಾತಿತ್ತಂತೆ. ಸಾಯುವ ಮೊದಲು ನಿಜ ತಿಳಿಯಬೇಕೆಂಬುದು ಅವರ ಆಸೆ. ಆದರೆ ಹಡಗು ಮುಳುಗಿದ ದಿನದ ಪುಟವನ್ನೇ ಅವರ ಮನೆಗೆ ನುಗ್ಗಿದ ಪ್ರವಾಹ ತೊಳೆದಿತ್ತು. ಮೇಲಿನ ಮೂರು ಸಾಲು ಬಿಟ್ಟರೆ ಬರೀ ನೀಲಿ ಕಲೆ.

ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪಾದದ್ದನ್ನು ತಾಳೆ ನೋಡುವುದು ನಮ್ಮ ಕ್ರಮ. ಈ ಕೆಲಸದಲ್ಲಿ ಜೊತೆಗಿದ್ದ ಗೆಳತಿ ರೇಖಾ ಬೇರೆ ಕೆಲಸ ಸಿಕ್ಕಿ ದೂರದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದ ಮೇಲೆ, ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತಾ ತಾಳೆ ನೋಡುತ್ತಿದ್ದೆ. ಎಷ್ಟೋ ದಿನ ನನ್ನ ಕಿವಿಗೆ ಬಿದ್ದ ಮನುಷ್ಯರ ದನಿ ಅದೊಂದೇ.

ಆ ಮಧ್ಯಾಹ್ನ ಮೂರು ಸಾಲು ಓದಿ, ಮುಂದೆ ಅಳಿಸಿದೆ ಎಂದು ಹೇಳಿ ನಿಲ್ಲಿಸಿದ್ದೆ. ಕೇಳುವಾಗ ನನ್ನ ದನಿ ನಿಲ್ಲಲಿಲ್ಲ. ದಿನಚರಿ ಬರೆದವಳ ಇಂಗ್ಲಿಷಿನಲ್ಲೇ ಮುಂದುವರಿಯಿತು: ‘ನಾನು ಅವಳ ಕೈ ಬಿಡಲಿಲ್ಲ. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.’

ಆ ರೆಕಾರ್ಡಿಂಗನ್ನು ರೇಖಾಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದಳು.

“ನಿನ್ನ ವಾಯ್ಸೇ ಕಣೇ. ಊಟ ಗೀಟ ಮಾಡ್ತಿದ್ದೀಯೋ, ಬರೀ ಕಾಫಿನೋ?” ಎಂದು ಛೇಡಿಸಿದಳು. ಇನ್ನೊಮ್ಮೆ ಹಾಕಿ ಕೇಳಿ, “ಆದ್ರೆ ನೀನು ಯಾವತ್ತೂ ಇಷ್ಟು ನಿಧಾನ ಓದಿಲ್ಲ” ಎಂದಳು.

ಕಾಗದದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಪ್ರತಿಯಲ್ಲಿ ‘ನೀರಿನಿಂದ ಅಳಿಸಿದೆ’ ಎಂದೇ ಬರೆದೆ. ಆದರೆ ಮರುವಾರ ಬಸ್ಸು ಹತ್ತಿ ಹ್ಯೂಸ್ಟನ್‌ಗೆ ಹೋಗಿ ಅಜ್ಜಿಗೆ ಆ ಎರಡು ವಾಕ್ಯ ಕೇಳಿಸಿದೆ. ಅವರು ಎರಡು ಸಲ ಕೇಳಿ, ಇದು ಪುಟದಲ್ಲಿದೆಯೇ ಎಂದರು. ಹೌದು ಎಂದೆ. ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಆ ಚಳಿಗಾಲದಲ್ಲಿ ತೀರಿಕೊಂಡರು.

ನಾನು ಅವರಿಗೆ ಹೇಳಿದ್ದು ಸುಳ್ಳೇ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ.