ರೇಸ್ ಪ್ಯಾಡಿನ ಪ್ರದಕ್ಷಿಣೆ

ಬಳ್ಳಿಗಾವಿ ಹತ್ತಿರದ ನಮ್ಮೂರಿನ ಡ್ರಿಲ್ ಮೇಷ್ಟ್ರು ಹುಲಿಯಪ್ಪ ದೇವರಿಗೆ ಕೈ ಮುಗಿದದ್ದನ್ನು ನಾನಂತೂ ನೋಡಿಲ್ಲ. ಅವರ ಭಕ್ತಿಯೆಲ್ಲ ತಮ್ಮ ಹಳೇ ಕೆಂಪು ಕಾರಿನ ಮೇಲೆ. ವಾರವೆಲ್ಲ ಅದರಲ್ಲೇ ಶಿರಾಳಕೊಪ್ಪದ ಶಾಲೆಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಅದನ್ನೇ ರೇಸ್ ಟ್ರ್ಯಾಕಿಗೆ ಒಯ್ದು ಕೊನೆಯವರಾಗಿ ಬರುತ್ತಾರೆ.

ಈ ಸಲದ ಸೋಲಿಗೆ ಬ್ರೇಕೇ ಕಾರಣವೆಂದು ತೀರ್ಮಾನಿಸಿ ರೇಸಿನ ಬ್ರೇಕ್ ಪ್ಯಾಡ್ ತರಿಸಿದರು. ಮೆಕ್ಯಾನಿಕ್ ಭೀಮಣ್ಣ ತಲೆ ಚಚ್ಚಿಕೊಂಡ.

"ಮೇಷ್ಟ್ರೇ, ಇವು ಬಿಸಿಯಾದ್ ಮೇಲೇ ಸರಿಯಾಗಿ ಹಿಡಿಯೋದು. ದಿನಾ ಓಡಾಡೋಕೆ ಮಾಮೂಲಿ ಪ್ಯಾಡೇ ಸಾಕ್ರೀ."

"ಬಿಸಿ ಮಾಡ್ಕೊಂತೀನಿ ಬಿಡಪ್ಪ," ಎಂದರು ಮೇಷ್ಟ್ರು.

ಊರಲ್ಲಿ ಯಾರೂ ಅಡ್ಡ ಬಾರದ ದಾರಿಯೆಂದರೆ ಹನುಮಂತನ ಗುಡಿಯ ಸುತ್ತಿನದು ಮಾತ್ರ. ದಿನಾ ಬೆಳಿಗ್ಗೆ ಅಲ್ಲಿ ಐದು ಸುತ್ತು, ಪ್ರತಿ ಸುತ್ತಿಗೂ ಗುಡಿಯ ಬಾಗಿಲೆದುರು ಕಿರ್ರೆಂದು ಬ್ರೇಕ್. ಬ್ರೇಕ್ ಒತ್ತಿದಾಗಲೆಲ್ಲ ಮೇಷ್ಟ್ರ ತಲೆ ತಾನಾಗಿ ಮುಂದಕ್ಕೆ ಬಾಗುತ್ತಿತ್ತು. ಒಂದೇ ವಾರದಲ್ಲಿ ಊರು ಅವರನ್ನು ಮಹಾಭಕ್ತರೆಂದು ಒಪ್ಪಿಕೊಂಡಿತು. ಪೂಜಾರಿ ಕಾರಿನ ಕಿಟಕಿಗೇ ಬಂದು ತೀರ್ಥ ಕೊಡತೊಡಗಿದರು.

ಕಡೆಗೆ ಪ್ಯಾಡಿನ ಕಿರುಚಾಟಕ್ಕೆ ಬೇಸತ್ತ ಹೆಂಡತಿ ಮಾಸ್ತಮ್ಮ ಹಟ ಹಿಡಿದು ಮಾಮೂಲಿ ಪ್ಯಾಡ್ ಹಾಕಿಸಿದರು. ಮರುದಿನ ಮೇಷ್ಟ್ರು ಗುಡಿ ಸುತ್ತದೆ ನೇರ ಶಾಲೆಗೆ ಹೋದರು. ಸಂಜೆ ಪೂಜಾರಿ ಮನೆಗೇ ಬಂದರು.

"ಏನ್ರೀ ಮೇಷ್ಟ್ರೇ, ನಮ್ ಹನುಮಪ್ಪ ಏನ್ ತಪ್ಪು ಮಾಡಿದ?"

ಈಗ ಮಾಮೂಲಿ ಪ್ಯಾಡಿನಲ್ಲೇ ಐದು ಸುತ್ತು ನಡೆದಿದೆ. ಕಾರು ಸದ್ದಿಲ್ಲದೆ ನಿಂತರೆ ಊರವರಿಗೆ ಸಮಾಧಾನವಿಲ್ಲ. ಅದಕ್ಕೇ ಬಾಗಿಲೆದುರು ಮೇಷ್ಟ್ರು ತಲೆ ಬಾಗಿಸಿ, ಬಾಯಲ್ಲೇ ಕಿರ್ರೆನ್ನುತ್ತಾರೆ.