ಪಂಪಾವತಿಯ ಕೌದಿ ವ್ಯಾಪಾರ

ಪಂಪಾವತಿಗೆ ಹಗಲುಗನಸಿನ ಚಟ ಚಿಕ್ಕಂದಿನಿಂದಲೂ ಇತ್ತು. ಲಿಂಗಸುಗೂರಿನ ತವರುಮನೆಯಲ್ಲಿ ಹಾಲು ಕಾಯಲಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಂತರೆ ಹಾಲು ಉಕ್ಕಿ ಒಲೆ ಆರಿಹೋಗುತ್ತಿತ್ತು. ಮದುವೆಯಾಗಿ ಬಳಗಾನೂರಿಗೆ ಬಂದ ಮೇಲೆ ಆ ಚಟಕ್ಕೆ ಇನ್ನಷ್ಟು ಇಂಬು ಸಿಕ್ಕಿತು. ಮನೆಯ ಹಿಂದೆಯೇ ಕಾಲುವೆ, ಅದರಾಚೆ ಕಣ್ಣು ಹೋದಷ್ಟು ದೂರ ಭತ್ತದ ಹಸಿರು. ಗಂಡ ಹುಲಿಗೇಶ ಸಿಂಧನೂರಿನ ಅಕ್ಕಿ ಗಿರಣಿಗೆ ಹೋದ ಮೇಲೆ, ಬಿಸಿಲು ನೀರಿನ ಮೇಲೆ ನಡುಗುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಪಕ್ಕದಲ್ಲಿ ಅತ್ತೆ ಮುದುಕಮ್ಮ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಸೂಜಿ ಎಳೆಯುತ್ತ ಬರುವ ಕೆಲಸ. ಒಂದು ದಿನ ತೊಳೆದ ಕೌದಿಯನ್ನು ಕಾಲುವೆಯ ದಂಡೆಗೆ ಒಣಹಾಕಿದಾಗ ಪಂಪಾವತಿ ಫೋಟೊ ತೆಗೆದು ಫೋನಿನಲ್ಲಿ ಹಾಕಿದಳು. ಹುಬ್ಬಳ್ಳಿಯವರು ಯಾರೋ ಕೊಂಡರು. ವ್ಯಾಪಾರ ಶುರುವಾದದ್ದು ಹೀಗೆ. ಸಂತೆಯಲ್ಲಿ ಹಳೆಯ ಸೀರೆ ಕೊಂಡು ತಂದಳು. ಓಣಿಯ ಇನ್ನಷ್ಟು ಹೆಂಗಸರು ಸೂಜಿ ಹಿಡಿದರು.

ಅವಳ ತಮ್ಮನ ಜೊತೆ ಓದಿದ ನಾಸೀರ್ ಲಿಂಗಸುಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಅಂಗಡಿಕಾರರಿಗೆ ಫೋನಿನಲ್ಲಿ ಜಾಹೀರಾತು ಹಾಕಿಕೊಡುವುದೂ ಅವನ ಕೆಲಸವಾಗಿತ್ತು. "ಅಕ್ಕಾ, ಫೋಟೊ ಹಾಕಿ ಕುಂತ್ರ ಯಾರು ನೋಡ್ತಾರ? ದಿನಾ ಒಂದೀಟು ರೊಕ್ಕ ಹಾಕ್ರಿ, ದುನಿಯಾ ನೋಡ್ತದ" ಅಂದ. ಪಂಪಾವತಿ ಹಾಕಿದಳು. ದುನಿಯಾ ನಿಜವಾಗಿಯೂ ನೋಡಿತು.

ಆ ತಿಂಗಳುಗಳು ಅವಳಿಗೆ ನಿದ್ದೆಗಣ್ಣಿನಲ್ಲಿ ನಡೆದಂತೆ ಕಳೆದವು. ಫೋನಿನ ಮೇಲೆ ಕೆಂಪು ಹೃದಯಗಳು ಒಂದರ ಹಿಂದೊಂದು ತೇಲಿ ಬರುತ್ತಿದ್ದವು. ಹೆಸರು ಓದಲೂ ಬಾರದ ಊರಿನವರು ಮೆಚ್ಚುತ್ತಿದ್ದರು. ಅವಳು ಒಬ್ಬೊಬ್ಬರ ಮನೆಯನ್ನೂ ಕಲ್ಪಿಸಿಕೊಳ್ಳುವಳು: ಹಿಮ ಬೀಳುವ ಕಿಟಕಿ, ಅದರ ಪಕ್ಕದ ಮಂಚ, ಮಂಚದ ಮೇಲೆ ಅತ್ತೆಯ ಕೈಯ ಕೌದಿ. ಬೆಲೆ ಕೇಳುವವರು ದಿನವೂ ಇದ್ದರು. ಹೇಳಿದ ಮೇಲೆ ಮಾತ್ರ ಅವರು ಮಂಜಿನಂತೆ ಕರಗಿಹೋಗುತ್ತಿದ್ದರು. ಮಾರಾಟ ಕುಂಟುತ್ತಿದ್ದರೂ, ನಾಳೆ ಆದೀತು ಎಂದು ಪಂಪಾವತಿ ಜಾಹೀರಾತಿನ ರೊಕ್ಕ ಏರಿಸುತ್ತಲೇ ಹೋದಳು.

ಒಂದು ಮಧ್ಯಾಹ್ನ ಮುದುಕಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, "ಅಲ್ಲ ಪಂಪಾ, ಒಂದು ಕೌದಿ ಮಾರಿದ್ರ ಹೊಲಿದಾಕಿಗೆ ಎಷ್ಟು, ನಿನ್ನ ಫೋನಿಗೆ ಎಷ್ಟು?"

"ಯಾಕತ್ತಿ?"

"ಸುಮ್ನ ಕೇಳಿದೆ. ನಂಗೇನು ತಿಳೀತದ ಅದ್ರಾಗ."

ಪಂಪಾವತಿ ಬೆರಳು ಮಡಿಸುತ್ತ ಲೆಕ್ಕ ಹಾಕಿದಳು. ಜಾಹೀರಾತಿಗೆ ಹೋದದ್ದನ್ನೆಲ್ಲ ಕೂಡಿಸಿ, ಮಾರಿದ ಕೌದಿಗಳಿಗೆ ಹಂಚಿದಳು. ಹದಿನೈದು ದಿನ ಬೆನ್ನು ಬಗ್ಗಿಸಿ ಹೊಲಿದವಳಿಗೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಆ ಹೃದಯಗಳಿಗೆ ಹೋಗುತ್ತಿತ್ತು. ಅವಳಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಕಾಲುವೆಯ ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲು ಬಿಟ್ಟು ಕೂತಳು. ನೀರು ತಣ್ಣಗೆ ಹರಿಯುತ್ತಿತ್ತು.

ಮರುದಿನವೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದಳು.

"ಪೂರಾ ಬಂದ್ ಮಾಡಬ್ಯಾಡ್ರಿ ಅಕ್ಕಾ," ನಾಸೀರ್ ತಲೆ ಕೆರೆದುಕೊಂಡ. "ಮಂದಿ ಮರ್ತು ಬಿಡ್ತಾರ."

"ನೋಡೋರು ಬ್ಯಾಡಪಾ ನಂಗ, ಹೊದ್ಕೊಳ್ಳೋರು ಬೇಕು."

ಅವನು ನಕ್ಕು, ಜಾಹೀರಾತನ್ನು ದೂರದ ದೇಶಗಳಿಂದ ಎಳೆದು ತಂದು ಸುತ್ತಲಿನ ಮೂರು ಜಿಲ್ಲೆಗಳಿಗೆ ಕಟ್ಟಿಹಾಕಿದ. ದಿನದ ಖರ್ಚಿಗೆ ಮಿತಿ ಹಾಕಿದ. ಆಮೇಲೆ ಒಂದು ಮಾತು ಹೇಳಿದ: "ತಗೊಂಡೋರ್ನ ಒಂದು ಮಾತು ಕೇಳ್ರಿ, ಎಲ್ಲಿ ನೋಡಿದ್ರಿ ಅಂತ."

ಪಂಪಾವತಿ ಕೇಳತೊಡಗಿದಳು. ಫೋನಿನಲ್ಲಿ ನೋಡಿದೆವು ಎಂದವರು ಕಡಿಮೆ. ನಮ್ಮಕ್ಕನ ಮನೆಯಲ್ಲಿ ನೋಡಿದೆವು, ಬಾಣಂತನಕ್ಕೆ ಹೋದಲ್ಲಿ ಕೂಸಿನ ಕೆಳಗೆ ಹಾಸಿತ್ತು, ಕೈಯಾಡಿಸಿದೆವು ಎಂದವರೇ ಹೆಚ್ಚು.

ಹಾಗೆ ಬಂದವರಲ್ಲಿ ಮಸ್ಕಿಯ ಭಾರತಿಯೂ ಒಬ್ಬಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು, ಜೊತೆಗಾರ್ತಿಯ ಮನೆಯಲ್ಲಿ ಕೌದಿ ನೋಡಿ ಫೋನು ಮಾಡಿದ್ದಳು.

"ನಮ್ಮ ಅಪ್ಪಾರಿಗೆ ನಿದ್ದಿ ಹತ್ತವಲ್ದು ರೀ. ಅವ್ವ ತೀರ್ಕೊಂಡಾಗಿಂದ ಹಿಂಗ. ಅವ್ವನ ಸೀರಿ ಟ್ರಂಕಿನ್ಯಾಗ ಅದಾವ. ಅವುನ್ನ ಕೊಟ್ರ ಹೊಲಿದು ಕೊಡ್ತೀರೇನು?"

ಕೊಳ್ಳುವವರೇ ಕೊಟ್ಟ ಬಟ್ಟೆಯಲ್ಲಿ ಹೊಲಿದು ಪಂಪಾವತಿಗೆ ರೂಢಿಯಿರಲಿಲ್ಲ. ಆದರೂ ಹ್ಞೂಂ ಅಂದಳು. ಬಸ್ಸಿನಲ್ಲಿ ಬಂದ ಗಂಟು ಬಿಚ್ಚಿದಾಗ ಡಾಂಬರು ಗುಳಿಗೆಯ ವಾಸನೆಯ ಜೊತೆ ಇಳಕಲ್ಲಿನ ಕೆಂಪು ಸೆರಗು, ಗೋಧಿ ಬಣ್ಣದ ನೂಲಿನ ಸೀರೆ, ಅರಿಸಿನದ ಕಲೆಯಿದ್ದ ಒಂದು ಅಂಚು ಹೊರಬಂದವು. ಮುದುಕಮ್ಮ ಕಲೆಯಿದ್ದ ತುಂಡನ್ನು ಕತ್ತರಿಸಿ ಎಸೆಯಲಿಲ್ಲ. ನಡುಮಧ್ಯಕ್ಕೆ ಕೂಡಿಸಿದಳು. ಹೊಲಿಯುವಷ್ಟು ದಿನವೂ ಪಂಪಾವತಿಗೆ, ತಾನು ಕಾಣದ ಒಬ್ಬ ಹೆಂಗಸು ಒಳಮನೆಯಲ್ಲಿ ಮೆಲ್ಲಗೆ ಓಡಾಡುತ್ತಿರುವಂತೆ ಅನಿಸುತ್ತಿತ್ತು. ಹೆದರಿಕೆಯಾಗಲಿಲ್ಲ. ಒಬ್ಬಳು ಅತಿಥಿ ಬಂದು ಉಳಿದಂತಿತ್ತು.

ಕೌದಿ ಮಸ್ಕಿಗೆ ಹೋದ ಮೇಲೆ ಭಾರತಿಯಿಂದ ಒಂದು ಧ್ವನಿ ಸಂದೇಶ ಬಂತು. ಅದರಲ್ಲಿ ಮಾತೇ ಇರಲಿಲ್ಲ. ಗೊರಕೆ ಮಾತ್ರ ಇತ್ತು. ಏರಿ, ನಿಂತು, ಸಿಳ್ಳೆ ಹೊಡೆದು, ಮತ್ತೆ ಇಳಿಯುವ ನೆಮ್ಮದಿಯ ಗೊರಕೆ. ಅತ್ತೆ ಸೊಸೆ ಇಬ್ಬರೂ ಫೋನಿಗೆ ಕಿವಿಗೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾರತಿ ಅದನ್ನು ಅಪ್ಪ ಅಮರಗುಂಡಪ್ಪನನ್ನೇ ಕೇಳಿ ತನ್ನ ಬಳಗಕ್ಕೂ ಕಳಿಸಿದಳು. ಬಳಗದವರು ತಮ್ಮ ಬಳಗಕ್ಕೆ ಕಳಿಸಿದರು. ಅಮರಗುಂಡಪ್ಪನ ಗೊರಕೆ ಊರಿಂದೂರಿಗೆ ಹಬ್ಬಿ, ಸಾಲಗುಂದದಿಂದ, ಸಿಂಧನೂರಿನಿಂದ, ಅದರಾಚೆಯಿಂದಲೂ ಸೀರೆಯ ಗಂಟುಗಳು ಬಳಗಾನೂರಿನ ಬಸ್ಸಿನಿಂದ ಇಳಿಯತೊಡಗಿದವು. ಸಂತೆಯ ಸೀರೆ ಕೊಳ್ಳುವುದು ನಿಂತಿತು. ಜಾಹೀರಾತು ಚಳಿ ಶುರುವಾಗುವ ಮುಂಚಿನ ಕೆಲವು ವಾರಗಳಿಗಷ್ಟೇ ಉಳಿಯಿತು. ಉಳಿದ ರೊಕ್ಕವನ್ನು ಪಂಪಾವತಿ ಹೊಲಿಯುವವರ ಕೂಲಿಗೆ ಸೇರಿಸಿದಳು.

"ಗೊರಕಿಗೆ ಎಷ್ಟು ಖರ್ಚು ಮಾಡಿದ್ರಿ ಅಕ್ಕಾ?" ಎಂದು ನಾಸೀರ್ ಛೇಡಿಸಿದ. ಮರುವಾರ ಅವನ ತಾಯಿಯ ಹಳೆಯ ಸೀರೆಗಳೂ ಬಂದವು.

ಭತ್ತಕ್ಕೆ ತೆನೆ ಕಟ್ಟುವ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಅಮರಗುಂಡಪ್ಪ ತಾನೇ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದ. ಬಿಳಿ ಅಂಗಿ, ಬರಿತಲೆ. ನೀರು ಕುಡಿದು, ಚೀಲದಿಂದ ತಾನು ತಲೆಗೆ ಸುತ್ತುತ್ತಿದ್ದ ಮಾಸಿದ ಒಂದು ರುಮಾಲು ತೆಗೆದ. ಬಿಚ್ಚುತ್ತ ಹೋದಂತೆ ಅದು ಪಡಸಾಲೆಯ ಉದ್ದಕ್ಕೂ ಹರಡಿಕೊಂಡಿತು.

"ಇದು ನನ್ನ ಮಗಳಿಗವ್ವಾ. ಹೊಲಿದು ನಿಮ್ಮ ಹತ್ರನ ಇಡ್ರಿ, ಆಕಿಗೆ ಹೇಳಬ್ಯಾಡ್ರಿ. ನಾ ಹೋದ ಮ್ಯಾಲ ಆಕಿಗೂ ನಿದ್ದಿ ಹತ್ತಂಗಿಲ್ಲ. ಆಗ ಕೊಡ್ರಿ."

ಮುದುಕಮ್ಮ ರುಮಾಲನ್ನು ಮಡಿಲಿಗೆಳೆದುಕೊಂಡು, ಎಳೆಗಳ ಮೇಲೆ ಬೆರಳಾಡಿಸಿದಳು.

"ಅವಸರ ಏನಿಲ್ಲಲ್ರೀ? ಸಾವಕಾಶ ಹೊಲೀತೀನಿ."

"ಏನೂ ಅವಸರಿಲ್ಲ," ಅಂದ ಅಮರಗುಂಡಪ್ಪ.

ಆ ಕೌದಿ ಇನ್ನೂ ಮುಗಿದಿಲ್ಲ. ಬೇರೆ ಕೆಲಸವೆಲ್ಲ ಬದಿಗಿಟ್ಟು, ತಿಂಗಳಿಗೊಮ್ಮೆ ಮುದುಕಮ್ಮ ಅದನ್ನು ಹಾಸಿಕೊಂಡು ಕೂರುತ್ತಾಳೆ. ಒಂದು ಸಾಲು ಎಳೆದು, ಮಡಚಿ, ಮೇಲಿಡುತ್ತಾಳೆ.