ಬಿಸಿಲಿನ ಕಡೆ ದಕ್ಷಿಣ

ಅಂದು ಬಿಸಿಲಿತ್ತು ಎನ್ನುತ್ತದೆ ನನ್ನ ನೆನಪು. ಈ ಪ್ರಸಂಗಕ್ಕೆ ಬಿಸಿಲು ಬೇಕೇ ಬೇಕು. ಅದಕ್ಕೇ ಆ ನೆನಪನ್ನು ಪೂರ್ತಿ ನಂಬುವುದಿಲ್ಲ. ಸಂಡಿಗೆ ಮಾತ್ರ ನಿಜ. ಧಾರವಾಡದಿಂದ ಬಂದಿದ್ದ ಅವ್ವ ಗ್ಲೆನ್ ವೇವರ್ಲಿಯ ನಮ್ಮ ಮನೆಯ ದಕ್ಷಿಣದ ಅಂಗಳದಲ್ಲಿ ಸಂಡಿಗೆ ಒಣಹಾಕಿ, ಬಿಸಿಲೇ ಬಾರದೆ ಇಡೀ ದಿನ ನೆರಳು ಕಾಯ್ದಿದ್ದಳು.

ಪಕ್ಕದ ಮನೆಯ ಆಂಟಿ ರಷ್ಯಾದ ಸುಜ್ದಾಲ್ ಎಂಬ ಸಣ್ಣ ಊರಿನವರು, ಅಲ್ಲಿಯ ಶಾಲೆಯಲ್ಲಿ ಇತಿಹಾಸ ಕಲಿಸಿದವರು. ಅವರಿಗೆ ಮರೆವು ಶುರುವಾಗಿದೆಯೆಂದು ಇದೇ ದೇಶದ ಸಿಡ್ನಿಯಲ್ಲಿರುವ ಮಗಳಿಗೆ ಅನುಮಾನ. ಮನೆ ಖಾಲಿ ಮಾಡಿ ತನ್ನಲ್ಲಿಗೆ ಬರಬೇಕೆಂದು ಹಟ. "ನನ್ನ ಊರಿನ ನಕ್ಷೆಯನ್ನು ತಪ್ಪಿಲ್ಲದೆ ಬರೆದರೆ ಇಲ್ಲೇ ಇರುತ್ತೇನೆ. ನೀನೇ ಪರೀಕ್ಷಕಿ," ಎಂದರು ನನಗೆ.

ನಮ್ಮ ಮನೆಗೇ ಬಂದು, ಅವ್ವನ ಪಕ್ಕ, ಬಿಸಿಲು ಬೀಳುವ ಕಿಟಕಿಗೆ ಎದುರಾಗಿ ಕೂತು ಪೆನ್ಸಿಲ್ ಹಿಡಿದರು. ಮೂರು ಕಡೆ ಬಳಸಿ ಹರಿಯುವ ಕಾಮೆಂಕಾ ನದಿ. ನಾಲ್ಕನೆಯ ಕಡೆ ಜನರೇ ಅಗೆದ ಕಂದಕ. ಸುತ್ತ ಮಣ್ಣಿನ ದಿಬ್ಬ, ಅದರ ಮೇಲೆ ಮರದ ಗೋಡೆ. ಒಳಗೆ ಅರಸ, ಬಿಷಪ್. ಕಂದಕದಾಚೆ ವ್ಯಾಪಾರಿಗಳು, ಕಸುಬಿನವರು. ಅವ್ವನಿಗೆ "ಕೋಟೆ, ಪೇಟೆ" ಎಂದೆ; ಅಷ್ಟೇ ಸಾಕಾಯಿತು. ಮಂಗೋಲರು ಬಂದು ಸುಟ್ಟರು ಎನ್ನುವಾಗ ಆಂಟಿ ಪೆನ್ಸಿಲನ್ನು ಅಡ್ಡ ಹಿಡಿದು ಗೋಡೆಯನ್ನೆಲ್ಲ ಕಪ್ಪಾಗಿಸಿದರು. ಆಮೇಲೆ ಆ ಕಪ್ಪಿನ ಮೇಲೇ ಮತ್ತೆ ಗೋಡೆ ಎಬ್ಬಿಸಿದರು. ಅಂಥ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫೋನಿನ ಮ್ಯಾಪನ್ನು ಹಾಳೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ. ಅದರಲ್ಲಿ ಪೇಟೆ ಕೋಟೆಯ ಬಲಕ್ಕೆ, ಹಾಳೆಯಲ್ಲಿ ಎಡಕ್ಕೆ.

"ತಿರುಗಾಮುರುಗಾ ಆಗಿದೆ, ಆಂಟಿ," ಎಂದುಬಿಟ್ಟೆ.

ಅವರು ಪೆನ್ಸಿಲ್ ಕೆಳಗಿಟ್ಟರು.

"ಏನಾತು?" ಎಂದಳು ಅವ್ವ. ಹೇಳಿದೆ. ಅವಳು ಹಾಳೆಯನ್ನು ಬಿಟ್ಟು ಕಿಟಕಿಯನ್ನು ನೋಡಿದಳು. "ಅವರ ಊರಾಗ ಬಿಸಲು ಯಾವ ಕಡೆ ಇರ್ತದ, ಕೇಳು."

ಕೇಳಿದೆ. "ದಕ್ಷಿಣಕ್ಕೆ. ಹಿಮ ಮೊದಲು ಕರಗುತ್ತಿದ್ದದ್ದು ಆ ಕಡೆಯ ದಿಬ್ಬದ ಮೇಲೆ," ಎನ್ನುತ್ತ ಆಂಟಿ ಕಿಟಕಿಯತ್ತ ಕೈ ತೋರಿಸಿದರು.

"ನಮ್ಮೂರಾಗೂ ಹಂಗ. ಇಲ್ಲೆ ಸೂರ್ಯ ಉತ್ತರಕ್ಕ ಅದಾನ, ಅವರು ಆ ಕಡೀನ ದಕ್ಷಿಣ ಅಂತ ತಿಳದಾರ. ನನ್ನ ಸಂಡಿಗಿ ಮರ್ತೀಯೇನು? ಹಾಳಿ ತಿರುಗ್ಸು, ಶ್ಯಾಣ್ಯಾಕಿ."

ತಿರುಗಿಸಿದೆ. ನದಿ, ಕಂದಕ, ಪೇಟೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಒಂದು ಚರ್ಚ್ ಮಾತ್ರ ನದಿಯ ಆಚೆ ದಡದಲ್ಲಿತ್ತು. ಹೇಳುವುದೋ ಬೇಡವೋ ಎಂದು ನಾನು ತಡವರಿಸುವಷ್ಟರಲ್ಲಿ ಆಂಟಿಯೇ ರಬ್ಬರಿನಿಂದ ಅಳಿಸಿ ಈಚೆಗೆ ತಂದರು.

"ಪರೀಕ್ಷಕಿ ಸ್ವಲ್ಪ ನಿಧಾನ," ಎಂದರು.

ಅಲ್ಲೇ ಕೂತು ಮಗಳಿಗೆ ಫೋನ್ ಮಾಡಿ ರಷ್ಯನ್‌ನಲ್ಲಿ ಮಾತಾಡಿದರು. ನನಗೆ ತಿಳಿದದ್ದು ಒಂದೇ ಪದ, ನ್ಯೆತ್: ಇಲ್ಲ. ಅದನ್ನು ಮೂರು ಸಲ ಅಂದರೆಂದು ನನ್ನ ನೆನಪು. ಅವ್ವ ಎರಡೇ ಎನ್ನುತ್ತಾಳೆ.